ಅತ್ತೆ ಹೇಳದ ಹೆಸರು

ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೆ ನಾನು ಇಂದಿಗೂ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತೇನೆ. ಹೇಳುವುದಿಲ್ಲವೆಂದಲ್ಲ. ಹೇಳಿದ ಮೇಲೆ ಡಬ್ಬಿಯಿಂದ ಬೆಲ್ಲ ಕದ್ದು ತಿಂದವಳಂತೆ ಅತ್ತಿತ್ತ ನೋಡುತ್ತೇನೆ, ಅಷ್ಟೇ. ಮನೆಯಲ್ಲಿ ಅವರು ಬರೀ "ರೀ". ಅಷ್ಟಕ್ಕೇ ತಿರುಗಿ ನೋಡುವ ಮನುಷ್ಯನಿಗೆ ಇನ್ನೊಂದು ಹೆಸರೇಕೆ?

ಕಂಪನಿಗೆ ಮಾತ್ರ "ರೀ" ಎಂದರೆ ನಡೆಯುವುದಿಲ್ಲ. ಮಾಚೇನಹಳ್ಳಿಯಲ್ಲಿ ಅತ್ತೆಯ ಹೆಸರಿನಲ್ಲಿರುವ ಶೆಡ್ಡಿನೊಳಗೆ ನಮ್ಮವರು ಲೇತ್ ಮಷಿನ್ ಇಟ್ಟುಕೊಂಡು ಬೋಲ್ಟು, ಬುಷ್ಷು ಮಾಡಿಕೊಡುತ್ತಿದ್ದರು. ಕಂಪನಿಯಾದರೆ ಮಾತ್ರ ದೊಡ್ಡ ಆರ್ಡರು ಎಂದರು ಅವನ್ನು ಕೊಳ್ಳುವ ಕಾರ್ಖಾನೆಯವರು. ಸರಿ, ತಾಯಿ ಮಗ ಇಬ್ಬರೂ ಡೈರೆಕ್ಟರುಗಳು. ಚಪಾತಿ ಹಿಟ್ಟು ನಾದುತ್ತಾ ಫೋನ್ ಎತ್ತುವ ಇಲಾಖೆ ನನ್ನದು.

ಮಗುವಿಗೆ ಹೆಸರಿಡುವುದು ಸುಲಭ. ಅದೇ ಬೀದಿಯಲ್ಲಿ ಅದೇ ಹೆಸರಿನ ನಾಲ್ಕು ಮಕ್ಕಳಿದ್ದರೂ ಯಾರೂ ತಕರಾರು ತೆಗೆಯುವುದಿಲ್ಲ. ಕಂಪನಿಗೆ ಹಾಗಲ್ಲ, ಅದನ್ನು ಹೋಲುವ ಹೆಸರು ದೇಶದಲ್ಲೆಲ್ಲೂ ಇರಬಾರದಂತೆ. ನಾನು ಬಹಳ ಯೋಚಿಸಿ ಭದ್ರಾ ನದಿಯ ಹೆಸರು ಸೂಚಿಸಿದೆ. ನಮ್ಮ ಓಲ್ಡ್ ಟೌನಿನಲ್ಲಿ ಬೇಕರಿಯಿಂದ ಹಾಸಿಗೆ ಅಂಗಡಿಯವರೆಗೆ ಎಲ್ಲವೂ ಭದ್ರಾ ಎನ್ನುವುದು ಆಗ ನೆನಪಾಗಲಿಲ್ಲ. ಅರ್ಜಿ ಹೋದಷ್ಟೇ ಬೇಗ ಹಿಂದಿರುಗಿ ಬಂತು.

"ಅಪ್ಪನ ಹೆಸರೇ ಇಡೋಣ ಕಣೇ" ಎಂದರು ನಮ್ಮವರು. ಮಾವ ನ್ಯೂ ಟೌನಿನ ಕ್ವಾರ್ಟರ್ಸಿನಿಂದ ಸೈಕಲ್ಲಿನಲ್ಲಿ ಕಾರ್ಖಾನೆಗೆ ಹೋಗಿ, ಲೇತ್ ಮುಂದೆ ನಿಂತೇ ಸಂಸಾರ ಸಾಗಿಸಿದವರು. ಈಗಿಲ್ಲ. 'ಗಂಗಾಧರಪ್ಪ ಕಾಂಪೊನೆಂಟ್ಸ್' ಎಂದು ಮಗ ಹೇಳಿದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅದರಲ್ಲೊಂದು ತೊಡಕಿದೆಯೆಂದು ನಮಗಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಶಿವಮೊಗ್ಗದ ಆಡಿಟರ್ ಆಫೀಸಿನಲ್ಲಿ. ಡಿಜಿಟಲ್ ಸಹಿಗೆ ಅತ್ತೆಯ ವಿಡಿಯೊ ಬೇಕಿತ್ತು. ಅಲ್ಲಿಯ ಹುಡುಗಿ ಮೊಬೈಲ್ ಹಿಡಿದು, "ನಿಮ್ಮ ಹೆಸರು, ಕಂಪನಿ ಹೆಸರು ಎರಡೂ ಹೇಳಿ ಅಜ್ಜಿ" ಎಂದಳು.

"ಗೌರಮ್ಮ" ಎಂದ ಅತ್ತೆ ಅಲ್ಲಿಗೇ ನಿಂತರು.

"ಕಂಪನಿ ಹೆಸರು?"

"ನಮ್ಮನೆಯವರದ್ದು."

"ಅದೇ, ಏನಂತ?"

"ಅದೇ ಕಣಮ್ಮ, ಅವರದ್ದು."

ಹುಡುಗಿ ನಮ್ಮವರನ್ನು ಅನುಮಾನದಿಂದ ನೋಡಿದಳು. "ಅಜ್ಜಿ, ನಿಮಗಿಷ್ಟ ಇಲ್ದೇ ಕರ್ಕೊಂಡು ಬಂದಿದ್ದಾರಾ?"

ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿ ಒಂದು ದಿನವೂ ಅದನ್ನು ಉಚ್ಚರಿಸದ ಹೆಂಗಸು ಇವರು ಎಂದು ನಾನು ವಿವರಿಸಬೇಕಾಯಿತು. ನಮ್ಮವರ ಮುಖ ಇಳಿದುಹೋಯಿತು. "ಬಿಡಮ್ಮ, ಬೇರೆ ಹೆಸರು ಇಡೋಣ. ನಿನ್ನ ಕಂಪನಿ ಹೆಸರು ನೀನೇ ಹೇಳಕ್ಕಾಗ್ದಿದ್ರೆ ಹೇಗೆ?"

"ತೆಗೆದೀಯ ಮತ್ತೆ! ಅದೇ ಇರ್ಲಿ" ಎಂದರು ಅತ್ತೆ.

ಹುಡುಗಿ ಈಗ ಮೆತ್ತಗಾಗಿದ್ದಳು. "ತಾತ ಈಗ ಇಲ್ವಲ್ಲ ಅಜ್ಜಿ. ಇನ್ನು ಹೇಳಿದ್ರೆ ಏನಾಗುತ್ತೆ?"

"ಅವರು ಹೋದ್ರಮ್ಮ. ಕಂಪನಿ ಇನ್ನೂ ಹುಟ್ಟಬೇಕಲ್ಲ? ಅದರ ಆಯಸ್ಸು ನಾನ್ಯಾಕೆ ಕಮ್ಮಿ ಮಾಡ್ಲಿ?"

ಒಳಗಿನಿಂದ ಆಡಿಟರು ನಗುತ್ತಾ ಬಂದರು. "ಅಮ್ಮನ ಹೆಸರಷ್ಟೇ ಸಾಕು. ಉಳಿದದ್ದು ನಮ್ಮ ಹುಡುಗಿಯ ಉಮೇದು."

ಹೆಸರು ಮಂಜೂರಾಯಿತು. ಶೆಡ್ಡಿನ ಮೇಲೆ ಬೋರ್ಡೂ ಬಂತು. ಈಗ ಫೋನ್ ಎತ್ತಿದಾಗಲೆಲ್ಲ "ಗಂಗಾಧರಪ್ಪ ಕಾಂಪೊನೆಂಟ್ಸ್, ಹೇಳಿ" ಎನ್ನುವವಳು ನಾನು. ಮಾವನೆದುರು ದನಿಯೆತ್ತಿ ಮಾತಾಡದ ಸೊಸೆಗೆ ಎಂಥ ಉದ್ಯೋಗ ನೋಡಿ! ಆದಷ್ಟು ತಗ್ಗಿದ ದನಿಯಲ್ಲಿ ಹೇಳಿ ಮುಗಿಸುತ್ತಿದ್ದೆ. ಅತ್ತೆ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ, ಏನೂ ಕೇಳಿಸದವರಂತೆ ಕೂತಿರುತ್ತಿದ್ದರು. ಮೊನ್ನೆ ಮಾತ್ರ ಮೊಣಕೈ ತಟ್ಟಿದರು.

"ಆ ಕಡೆಯವ್ರಿಗೆ ಸರಿಯಾಗಿ ಕೇಳ್ಲಿಲ್ಲ ಅನ್ಸುತ್ತೆ ಮಾರಾಯ್ತಿ. ಇನ್ನೊಂದ್ಸಲ ಹೇಳು."

ಆ ಕಡೆಯವರಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿಯೇ, ಹೇಳಿದೆ.