ಇದ್ದೀರಾ, ಮೇಡಂ?

ನಮ್ಮ ಮೇಡಂ ಅವರ ಎಡಗೈಯ ಎರಡು ಬೆರಳುಗಳ ತುದಿಯಲ್ಲಿ ಕಪ್ಪು ಗೀರುಗಳಿದ್ದವು. ಚಿಕ್ಕಂದಿನಿಂದ ವೀಣೆಯ ತಂತಿ ಒತ್ತಿ ಒತ್ತಿ ಆದ ಗುರುತು. ಕಂಪ್ಯೂಟರಿನ ಕೀಲಿಗಳ ಮೇಲೆ ಆ ಬೆರಳುಗಳು ಓಡಾಡುವಾಗ ನಾನು ಪರದೆ ಬಿಟ್ಟು ಅವನ್ನೇ ನೋಡುತ್ತಿದ್ದೆ. “ಪ್ರೋಗ್ರಾಮು ನನ್ ಬೆರಳಲ್ಲಿಲ್ಲ ಕಣೇ, ಆ ಕಡೆ ನೋಡು” ಎಂದು ಗದರಿಸುತ್ತಿದ್ದರು.

ಎಂಬತ್ತರ ದಶಕದ ಕೊನೆಯ ಮಾತು. ಜಯನಗರದ ಒಂದು ಮನೆಯ ಮಹಡಿಯಲ್ಲಿ ನಮ್ಮ ಪುಟ್ಟ ಕಂಪನಿ. ಮೇಡಂ ಅಲ್ಲಿನ ಹಿರಿಯ ಇಂಜಿನಿಯರು, ನಾನು ಆಗಷ್ಟೇ ಸೇರಿದವಳು. ಅವರು ಮದುವೆಯಾಗಿರಲಿಲ್ಲ. ಹನುಮಂತನಗರದಲ್ಲಿ ತಂಗಿಯ ಮನೆಯವರ ಜೊತೆಗಿದ್ದು ಬಸ್ಸಿನಲ್ಲಿ ಬರುತ್ತಿದ್ದರು. ಅವರದೊಂದು ವಿಚಿತ್ರ ಅಭ್ಯಾಸವೆಂದರೆ ಫೋನನ್ನು ತಾವಾಗಿ ಮೊದಲು ಇಡುತ್ತಿರಲಿಲ್ಲ. ಆ ಕಡೆಯವರು ಸೊಸೆಯ ದೂರು, ಸೊಂಟದ ನೋವು ಎಲ್ಲ ಹೇಳಿ ಮುಗಿಸುವವರೆಗೂ “ಹೂಂ, ಹೂಂ” ಎನ್ನುತ್ತಿದ್ದರು. ಇಂಥವರೇ ಇಬ್ಬರು ಸಿಕ್ಕಿಬಿಟ್ಟರೆ ಗತಿಯೇನೆಂದು ನಾವು ಹಿಂದಿನಿಂದ ನಗುತ್ತಿದ್ದೆವು.

ಆಗ ನಮ್ಮ ಕೈಗೆ ಒಂದು ರಕ್ತನಿಧಿಯ ಕೆಲಸ ಬಂತು. ಯಾವ ಗುಂಪಿನ ರಕ್ತ ಎಷ್ಟಿದೆ ಎಂಬುದು ಅಲ್ಲಿನ ದೊಡ್ಡ ಕಂಪ್ಯೂಟರಿನಲ್ಲಿರಬೇಕು. ಬನಶಂಕರಿ, ಜೆ.ಪಿ. ನಗರದ ನರ್ಸಿಂಗ್ ಹೋಮುಗಳು ಟೆಲಿಫೋನ್ ಲೈನಿನ ಮೂಲಕ ತಮ್ಮಲ್ಲಿನ ಕೀಲಿ-ಪರದೆಯ ಟರ್ಮಿನಲ್‌ನಿಂದ ಕೇಳಿದರೆ ಅದು ಉತ್ತರ ಕೊಡಬೇಕು. ಒಟ್ಟು ಆರು ಲೈನು. ಮೊದಲ ವಾರ ಎಲ್ಲರೂ ಬೆನ್ನು ತಟ್ಟಿದರು.

ಆಮೇಲೆ ಶುರುವಾಯಿತು ನಮ್ಮ ಗ್ರಹಚಾರ. ಬೆಳಿಗ್ಗೆ ಚೆನ್ನಾಗಿರುತ್ತಿದ್ದ ಯಂತ್ರ ಸಂಜೆಯ ಹೊತ್ತಿಗೆ ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ನಿಲ್ಲಿಸಿ ಮತ್ತೆ ಶುರು ಮಾಡಿದರೆ ಸರಿಹೋಗುತ್ತಿತ್ತು, ಮಾರನೆಯ ದಿನ ಮತ್ತದೇ ಹಾಡು. ನಾನು ಊಟ ನಿದ್ದೆ ಬಿಟ್ಟು ಪ್ರೋಗ್ರಾಮಿನ ಸಾಲು ಸಾಲು ತಡಕಾಡಿದೆ, ಏನೂ ಸಿಗಲಿಲ್ಲ. ಒಂದು ಸಂಜೆ ಇಟ್ಟಮಡುವಿನ ನರ್ಸಿಂಗ್ ಹೋಮಿನಿಂದ ಒಬ್ಬ ಮನುಷ್ಯ ಸ್ಕೂಟರಿನಲ್ಲಿ ರಕ್ತನಿಧಿಗೇ ಓಡಿ ಬಂದ. ಹೆಂಡತಿಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿರಲಿಲ್ಲ. “ಅಲ್ಲಿಂದ ಎಷ್ಟ್ ಸಲ ಮಾಡುದ್ರೂ ಎಂಗೇಜು ಸಾರ್, ಎಂಗೇಜು!” ಎಂದು ಕೌಂಟರಿನ ಮುಂದೆ ಅಳುತ್ತಿದ್ದ. ಆ ತಾಯಿ ಉಳಿದಳು. ಉಳಿಸಿದ್ದು ಆ ಸ್ಕೂಟರು, ನಾವಲ್ಲ. ಇನ್ನೊಮ್ಮೆ ಹೀಗಾದರೆ ಕಂಪ್ಯೂಟರ್ ಎತ್ತಿಕೊಂಡು ಹೋಗಿ ಎಂದು ಅಲ್ಲಿನ ಡಾಕ್ಟರು ಹೇಳಿದರು. ನನಗೆ ಯಂತ್ರಕ್ಕಿಂತ ಆ ಅಳುವಿನದೇ ಭಯ. ಕಣ್ಣು ಮುಚ್ಚಿದರೆ ಅದೇ ಕೇಳುತ್ತಿತ್ತು.

ಮೇಡಂ ಮರುದಿನವಿಡೀ ರಕ್ತನಿಧಿಯಲ್ಲಿ ಯಂತ್ರದ ಮುಂದೆ ಸುಮ್ಮನೆ ಕೂತು ನೋಡಿದರು. ಮಧ್ಯಾಹ್ನ ಬನಶಂಕರಿಯ ಕಡೆ ಕರೆಂಟು ಹೋಯಿತೆಂದು ಅಲ್ಲಿಂದ ಫೋನು ಬಂತು. ಅಲ್ಲಿನ ಟರ್ಮಿನಲ್ ಪ್ರಶ್ನೆಯ ನಡುವೆಯೇ ಸತ್ತುಹೋಯಿತು. ಈ ಕಡೆಯ ನಮ್ಮ ಪ್ರೋಗ್ರಾಮಿಗೆ ಮಾತ್ರ ಅದು ತಿಳಿಯಲೇ ಇಲ್ಲ. ಉಳಿದ ಅಕ್ಷರಗಳು ಈಗ ಬರುತ್ತವೆ, ಆಗ ಬರುತ್ತವೆ ಎಂದು ಲೈನು ಹಿಡಿದುಕೊಂಡೇ ಕೂತಿತ್ತು.

“ಮದುವೆ ಮನೇಲಿ ಪಂಕ್ತಿ ನೋಡಿದ್ಯಲ್ಲ? ಉಣ್ತಿದ್ದೋನು ಹಿತ್ತಲ ಬಾಗ್ಲಿಂದ ಎದ್ದು ಮನೆಗೆ ಹೋಗಿದಾನೆ. ಎಲೆ ಹಾಗೇ ಇದೆ. ಬಡಿಸೋನು, ಕೈ ತೊಳ್ಯೋಕೆ ಹೋಗಿರ್ಬೇಕು ಬರ್ತಾರೆ ಅಂತ ಸಾರಿನ ಪಾತ್ರೆ ಹಿಡ್ಕೊಂಡು ನಿಂತಿದಾನೆ. ಮುಂದಿನ ಪಂಕ್ತಿಯೋರು ಹಸ್ಕೊಂಡು ಬಾಗ್ಲಲ್ಲಿ” ಎಂದರು ಮೇಡಂ.

ಸಂಜೆಯೊಳಗೆ ಹೀಗೆ ಆರು ಎಲೆಗಳೂ ತುಂಬಿ ಹೋಗುತ್ತಿದ್ದವು, ಉಣ್ಣುವವರೊಬ್ಬರೂ ಇಲ್ಲದೆ.

ಅಂದೇ ಅವರು ಗಡುವು ಹಾಕಿದರು. ಲೈನು ಸಿಕ್ಕ ಮೇಲೆ ಎರಡು ನಿಮಿಷ, ಮುಗಿದರೂ ಮುಗಿಯದಿದ್ದರೂ ಕಟ್. ಫೋನು ಮೊದಲು ಇಡದ ಹೆಂಗಸು ಎಂಥ ಸಂಕಟದಲ್ಲಿ ಆ ಸಾಲು ಬರೆದರೋ! ಬರೆದು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಅಂದು ಸಂಜೆ ಯಂತ್ರ ನಿಲ್ಲಲಿಲ್ಲ. ನಾನು ಕುಣಿದಾಡುವುದೊಂದು ಬಾಕಿ.

ಮರುದಿನವೇ ರಕ್ತನಿಧಿಗೆ ಬನಶಂಕರಿಯ ನರ್ಸಮ್ಮನ ಫೋನು. “ಏನ್ ಮೇಡಂ ನಿಮ್ ಮಿಷಿನ್ನು? ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತೋಷ್ಟ್ರಲ್ಲಿ ಹೊರಗ್ ಹಾಕತ್ತೆ. ಮೂರ್ ಸಲ ಆಯ್ತು. ಇಲ್ಲಿ ಪೇಷೆಂಟ್ ಒದ್ದಾಡ್ತಿದಾರೆ!”

ಮೇಡಂ ಯಾವ ಗುಂಪಿನ ರಕ್ತ ಬೇಕೆಂದು ಫೋನಿನಲ್ಲೇ ಕೇಳಿ ಬರೆದುಕೊಂಡರು. ರಕ್ತವನ್ನು ಆಟೋದಲ್ಲಿ ಕಳಿಸುವ ಏರ್ಪಾಟು ಮಾಡಿ, ಅದೇ ಆಟೋ ಹತ್ತಿ ಅವರೂ ಹೋದರು, ನನ್ನನ್ನೂ ಕರೆದೊಯ್ದರು. ನರ್ಸಮ್ಮನಿಗೆ ಐವತ್ತು ದಾಟಿತ್ತು. ದಪ್ಪ ಕನ್ನಡಕ. ಒಂದೇ ಬೆರಳಿನಲ್ಲಿ ಒತ್ತುತ್ತಿದ್ದರು, ಒಂದಕ್ಷರ ಒತ್ತಿ ಪರದೆ ನೋಡಿ, ಮತ್ತೆ ಕೀಲಿ ಹುಡುಕಿ. ಮೇಡಂ ನರ್ಸಮ್ಮನ ಪಕ್ಕದಲ್ಲಿ ಅಷ್ಟೂ ಹೊತ್ತು ಆ ಬೆರಳನ್ನೇ ನೋಡುತ್ತ ನಿಂತಿದ್ದರು.

ಬರುವಾಗ ಆಟೋದಲ್ಲಿ ಒಂದೇ ಮಾತು ಆಡಿದರು. “ನಿಧಾನವಾಗಿರೋರ್ನ ಸತ್ತೋರು ಅಂದ್ಕೊಂಡ್‌ಬಿಟ್ಟೆ ಕಣೇ.”

ಗಡುವು ತೆಗೆಯುವಂತಿರಲಿಲ್ಲ, ಎಣಿಸುವ ಬಗೆಯನ್ನು ಬದಲಿಸಿದರು. ಒಂದಕ್ಷರ ಬಂದರೂ ಸಾಕು, ಎಣಿಕೆ ಮತ್ತೆ ಮೊದಲಿನಿಂದ. ಪೂರಾ ಮೌನವಾದರೆ ಮಾತ್ರ ಯಂತ್ರ ಕೇಳಬೇಕು. ಏನೆಂದು ಕೇಳಬೇಕು ಎಂದು ನಾನು ಅಂದದ್ದಕ್ಕೆ “ಮನೇಲಿ ಕೇಳೋ ಹಾಗೆ ಕೇಳು, ಇದ್ದೀರಾ ಅಂತ” ಎಂದರು. ಇಂಗ್ಲಿಷ್ ಅಕ್ಷರಗಳಲ್ಲೇ ‘ಇದ್ದೀರಾ?’ ಎಂದು ಪರದೆಯ ಮೇಲೆ ಮೂಡುವಂತೆ ನಾನು ಬರೆದೆ. ಯಾವ ಕೀಲಿ ಒತ್ತಿದರೂ ಸಾಕು, ಇದ್ದೇನೆ ಎಂದೇ ಅರ್ಥ. ಮೂರು ಸಲ ಕೇಳಿಯೂ ಸದ್ದಿಲ್ಲದಿದ್ದರೆ ಲೈನು ಬಿಡುವುದು. ಆಮೇಲೆ ಯಂತ್ರ ಒಂದು ಸಂಜೆಯೂ ನಿಲ್ಲಲಿಲ್ಲ. ನರ್ಸಮ್ಮನನ್ನು ಯಾರೂ ಹೊರಗೆ ಹಾಕಲಿಲ್ಲ.

ಮುಂದಿನ ವರ್ಷ ಮೇಡಂಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ನಾನು ಆಸ್ಪತ್ರೆಗೆ ಹೋದಾಗ ನೆಂಟರು ಮಂಚದ ಸುತ್ತ ನಿಂತು, ಅವರು ಅಲ್ಲಿಲ್ಲವೇನೋ ಎಂಬಂತೆ, ವೀಣೆಯನ್ನು ಯಾರಿಗೆ ಕೊಡುವುದೆಂದು ಮಾತಾಡುತ್ತಿದ್ದರು. ನನಗೆ ಮೈ ಉರಿದುಹೋಯಿತು. ಅವರನ್ನೆಲ್ಲ ಸರಿಸಿ ಮೇಡಂ ಅವರ ಎಡಗೈ ಹಿಡಿದು ಕಿವಿಯ ಹತ್ತಿರ ಬಗ್ಗಿದೆ. “ಮೇಡಂ, ಇದ್ದೀರಾ?”

“ಅವಳಿಗೆ ಏನೂ ತಿಳ್ಯಲ್ಲಮ್ಮ, ಯಾಕ್ ಸುಮ್ನೆ” ಎಂದರು ತಂಗಿ.

ನಾನು ಕಾದೆ. ಎಷ್ಟು ಹೊತ್ತೋ. ಗೀರಿನ ಬೆರಳು ನನ್ನ ಅಂಗೈಯನ್ನು ಒಮ್ಮೆ ಒತ್ತಿತು. ತಂಗಿಗೆ ತೋರಿಸಿದೆ, ಅವರು ಅಲ್ಲೇ ಕುಸಿದು ಅತ್ತರು. ಅಂದಿನಿಂದ ಅವರೂ ಕೇಳಲು ಕಲಿತರು, ಕಾಯಲೂ ಕಲಿತರು. ವೀಣೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಕೆಲವು ವಾರ ಹಾಗೇ ನಡೆಯಿತು. ಒತ್ತುವುದು ದಿನದಿನಕ್ಕೆ ತಡವಾಗುತ್ತಿತ್ತು, ಆದರೂ ಬರುತ್ತಿತ್ತು.

ಕೊನೆಯ ದಿನ ಬೆರಳು ನನ್ನ ಅಂಗೈಯಲ್ಲೇ ಇತ್ತು, ಇನ್ನೂ ಬೆಚ್ಚಗಿತ್ತು. ಕೇಳಿದೆ. ಕಾದು ಮತ್ತೆ ಕೇಳಿದೆ. ಮೂರನೆಯ ಸಲ ಕೇಳಿದಾಗ ತಂಗಿ ನನ್ನ ಹೆಗಲ ಮೇಲೆ ಕೈಯಿಟ್ಟು “ಸಾಕಮ್ಮ, ಬಿಡು” ಎಂದರು.

ಮೂರಾದ ಮೇಲೆ ಬಿಡಬೇಕೆಂದು ಯಂತ್ರಕ್ಕೆ ಬರೆದವಳು ನಾನೇ. ಕೈ ಬಿಡದೆ ನಾಲ್ಕನೆಯ ಸಲ ಕೇಳಿದೆ.