ಮುಳುಗದ ಪುರಿ

ಮಹದೇವಪುರದ ನಮ್ಮ ಮನೆಯ ಹಿತ್ತಲಿನ ಸಿಮೆಂಟ್ ತೊಟ್ಟಿಗೆ ಮಾವನವರು ಮೂರು ಕೆರೆಮೀನಿನ ಮರಿಗಳನ್ನು ತಂದು ಬಿಟ್ಟಿದ್ದರು. ದೇವಸ್ಥಾನದ ಕಲ್ಯಾಣಿಯ ಮೀನುಗಳಿಗೆ ಕಡಲೆಪುರಿ ಹಾಕುವುದು ಅತ್ತೆಯ ರೂಢಿಯಾಗಿತ್ತು. ಅವರು ತೀರಿಕೊಂಡ ಮೇಲೆ ಮಾವ ಅದನ್ನು ಮನೆಯಲ್ಲೇ ಮುಂದುವರಿಸಿದರು. ಬೆಳಿಗ್ಗೆ ಸ್ನಾನ ಮಾಡಿ ಒಂದು ಹಿಡಿ ಪುರಿ ಎರಚುವರು, ಮೀನು ತಿಂದದ್ದನ್ನು ನೋಡಿದ ಮೇಲೆಯೇ ತಿಂಡಿಗೆ ಕೂರುವರು.

ಎರಡು ಮೀನು ದಪ್ಪಗಾದವು. ಮೂರನೆಯದು ಬಡವಾಗುತ್ತ ಬಂತು. ತಲೆಯಷ್ಟೇ ದೊಡ್ಡದಾಗಿ ಕಾಣುತ್ತಿತ್ತು.

“ಡಯಟ್ ಮಾಡ್ತಿದೆ ಬಿಡಪ್ಪ,” ಎಂದರು ನನ್ನ ಗಂಡ.

“ನಗಬೇಡ ಕಣೋ. ನಿಮ್ಮಮ್ಮನ ಹೆಸರಲ್ಲಿ ಹಾಕ್ತಿರೋದು. ಇದು ಉಪವಾಸ ಸತ್ರೆ ನಾನಿನ್ನು ಪುರಿ ಮುಟ್ಟಲ್ಲ.”

ಪುರಿ ಬಿಟ್ಟರೆ ಮಾವ ತಿಂಡಿಯನ್ನೂ ಬಿಟ್ಟಾರೆಂದು ನನಗೆ ಹೆದರಿಕೆಯಾಯಿತು.

ತೊಟ್ಟಿ ತೊಳೆಯುವ ದಿನ ಆ ಬಡಕಲು ಮೀನನ್ನು ಗಾಜಿನ ಜಾಡಿಯಲ್ಲಿ ಬಿಟ್ಟೆ. ಅದುವರೆಗೆ ನಾನು ಮೀನುಗಳನ್ನು ಮೇಲಿನಿಂದಷ್ಟೇ ನೋಡಿದ್ದೆ. ಈಗ ಪಕ್ಕದಿಂದ ಕಂಡಿತು: ಅದರ ಬಾಯಿ ಮೂತಿಯ ಕೆಳಗಿತ್ತು, ನೆಲದ ಕಡೆ ತೆರೆದಿತ್ತು. ದಪ್ಪ ಮೀನೊಂದನ್ನು ಇನ್ನೊಂದು ಜಾಡಿಗೆ ಹಾಕಿದೆ. ಅದರ ಬಾಯಿ ಆಕಾಶದ ಕಡೆ ತಿರುಗಿತ್ತು. ಉಳಿದ ದಪ್ಪ ಮೀನಿನ ಬಾಯಿ ಇವೆರಡರ ನಡುವೆ, ನೇರ ಮುಂದಕ್ಕೆ.

“ಮಾವ, ಒಂಚೂರು ಬನ್ನಿ.”

ಕಾರ್ಖಾನೆಯ ಟೂಲ್ ರೂಮಿನಲ್ಲಿ ಆಯುಷ್ಯ ಕಳೆದವರು ಅವರು. ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು.

“ಮೂರಕ್ಕೂ ಬೇರೆ ಬೇರೆ ಟೂಲು ಕಣಮ್ಮ,” ಎಂದರು ಮೆಲ್ಲಗೆ. “ಇದು ತಳದಲ್ಲಿ ಮೇಯೋದು. ನಾನು ಮೇಲೆ ತೇಲಿಸ್ತಿದ್ದೆ.”

ಒಂದೇ ಕೆರೆಯ ನೀರಿನ ಮೇಲು, ನಡು, ತಳಗಳು ಮೂರು ಬಾಯಿಗಳನ್ನು ರೂಪಿಸಿದ್ದವು. ಎಷ್ಟು ಕಾಲ ಹಿಡಿದಿರಬೇಕು ಅದಕ್ಕೆ? ನನ್ನ ಅಂಗೈಯಗಲದ ಜೀವದಲ್ಲಿ ಒಂದು ಕೆರೆಯ ತಳವೇ ಅಚ್ಚೊತ್ತಿದಂತಿತ್ತು.

ಮರುದಿನ ಮಾವ ಪುರಿಯನ್ನು ನೆನೆಸಿ ಹಿಂಡಿ, ತೌಡು ಸೇರಿಸಿ ಉಂಡೆ ಕಟ್ಟಿದರು. ಅದು ಮುಳುಗಿ ತಳ ಸೇರಿತು. ಬಡಕಲು ಮೀನು ಸುತ್ತು ಹಾಕಿ ಬಂದು ತಲೆ ಬಗ್ಗಿಸಿತು. ಅದರ ತುಟಿಗಳು ಸಣ್ಣ ಕೊಳವೆಯಂತೆ ಮುಂದಕ್ಕೆ ಚಾಚಿಕೊಂಡವು. ಉಂಡೆಯ ಅಂಚು ಕರಗಿತು. ಮೀನು ಮತ್ತೆ ತುಟಿ ಚಾಚಿತು.

“ತಿಂಡಿ ಆಗಿದೆ ಮಾವ,” ಎಂದೆ.

“ಇರಮ್ಮ,” ಎಂದರು, ತಲೆ ಎತ್ತದೆ. “ಇನ್ನೂ ತಿಂತಾ ಇದೆ.”