ಖಾಲಿ ಕುರ್ಚಿಯ ಮುಂದಿನ ಮುದ್ದೆ

ಭಕ್ತಿ ಕಾದಂಬರಿಗಳೆಂದರೆ ನನಗೆ ಮೊದಲಿನಿಂದಲೂ ತಾತ್ಸಾರ. ನಾನು ಹುಟ್ಟು ಕ್ರೈಸ್ತ, ಮಳವಳ್ಳಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವನು. ಹಾಗಾಗಿ ನಮ್ಮವರ ಕಾದಂಬರಿಗಳನ್ನು ಬೈಯಲು ನನಗೆ ಎರಡು ಪಟ್ಟು ಹಕ್ಕಿದೆ ಎಂದುಕೊಂಡಿದ್ದೆ. ಕುಡುಕ ಕೊನೆಗೆ ಕಣ್ಣೀರಿಡಲೇಬೇಕು, ಡಾಕ್ಟರು ಕೈಬಿಟ್ಟ ರೋಗಿ ಎದ್ದು ಓಡಾಡಲೇಬೇಕು, ಪಾದ್ರಿ ಬಾಯಿ ತೆರೆದರೆ ಉಪದೇಶವೇ ಉದುರಬೇಕು. ಇಂಥದ್ದನ್ನು ಓದಿ ದೇವರಿಗೆ ಹತ್ತಿರವಾದೆವು ಎನ್ನುವವರನ್ನು ಕಂಡರೆ ನಗು ಬರುತ್ತಿತ್ತು.

ಮದ್ದೂರಿನಲ್ಲಿರುವ ನನ್ನ ಅಕ್ಕ ಲೂರ್ದಕ್ಕ ಪುಸ್ತಕ ಹಿಡಿಯುವವಳೇ ಅಲ್ಲ. ಬ್ಲಫ್ ಎಂಬ ಊರಿನ ವಿದ್ಯುದಾಗಾರದಲ್ಲಿ ಕೆಲಸಕ್ಕಿದ್ದ ಭಾವ ಒಂದು ದಿನ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ. ಅಕ್ಕ ಶಿಲುಬೆಯನ್ನು ಗೋಡೆಯಿಂದ ಇಳಿಸಿ ಬೀರುವಿಗೆ ಹಾಕಿದಳು, ಚರ್ಚು ಬಿಟ್ಟಳು, ಬರಬರುತ್ತ ಊಟವನ್ನೂ ಬಿಟ್ಟಳು. ಒಬ್ಬಳೇ ಕೂತರೆ ತುತ್ತು ಇಳಿಯುವುದಿಲ್ಲ ಎನ್ನುತ್ತಿದ್ದಳು. ನನ್ನ ಮನೆಗೆ ಬಾ ಎಂದರೆ ಬರಲೊಲ್ಲಳು. ಹೀಗೇ ಹೋದರೆ ಇವಳೂ ಉಳಿಯುವುದಿಲ್ಲ ಎಂದು ನನಗೆ ಭಯವಾಗಿತ್ತು.

ಆಗ ಬ್ಲಫ್‌ನ ಹಳೆಯ ನೆರೆಯವರೊಬ್ಬರು ಒಂದು ಕಾದಂಬರಿ ಕೊಟ್ಟು ಹೋದರು. ಅದರಲ್ಲಿ ದೇವರ ಮೇಲೆ ಮುನಿದ ವಿಧವೆಯೊಬ್ಬಳು ಪ್ರಾರ್ಥನೆ ಬಿಟ್ಟು, ದಿನಾ ಎದುರಿಗೊಂದು ತಟ್ಟೆಯಿಟ್ಟು, ಯೇಸುವನ್ನು ಊಟಕ್ಕೆ ಕರೆದು ಜಗಳವಾಡುತ್ತಾಳೆ. ನಾನೂ ಓದಿದೆ. ಕಳಪೆ ಸರಕು, ಪುಟ ತಿರುವಿದರೆ ಅಳು. ಅಕ್ಕ ಮಾತ್ರ ಓದಿ ಮುಗಿಸಿದ ದಿನವೇ ಖಾಲಿ ಕುರ್ಚಿಯ ಮುಂದೆ ತಟ್ಟೆ ಹಾಕಿದಳು. ಅಲ್ಲಿಯವರೆಗೆ ಜಪದ ಪುಸ್ತಕದ ಭಾಷೆಯಲ್ಲೇ ದೇವರನ್ನು ಬೇಡಿದವಳು ಈಗ, "ಯಾಕಪ್ಪ ಅಂಗ್ ಮಾಡ್ದೆ? ನಾವೇನ್ ಮಾಡಿದ್ದೋ ನಿಂಗೆ?" ಎಂದು ಕುರ್ಚಿಯನ್ನು ಕೇಳುತ್ತ, ಕೇಳುತ್ತ ತಾನೂ ನಾಲ್ಕು ತುತ್ತು ಉಣ್ಣತೊಡಗಿದಳು.

ಅಕ್ಕನ ತಲೆ ಕೆಟ್ಟಿದೆ ಎಂದೇ ನನಗೆ ಖಾತ್ರಿಯಾಯಿತು. ಪುಸ್ತಕ ಕಿತ್ತುಕೊಂಡು ಬರಲೆಂದು ಒಂದು ಭಾನುವಾರ ಮಧ್ಯಾಹ್ನ ಹೋದೆ. ಮುದ್ದೆ, ಬಸ್ಸಾರು ಆಗಿತ್ತು. ನಮ್ಮಿಬ್ಬರ ತಟ್ಟೆಗಳ ಜೊತೆಗೆ ಕುರ್ಚಿಯ ಮುಂದೆ ಇನ್ನೊಂದು.

"ಆವಯ್ಯಂಗೆ ಮುದ್ದೆ ನುಂಗಕ್ ಬತ್ತದೇನಕ್ಕ?" ಎಂದು ಚುಚ್ಚಿದೆ.

"ನೀ ತೆಪ್ಪಗೆ ಉಣ್ಲಾ," ಎಂದಳು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಕರೆದರು. ಇಬ್ಬರೂ ಎದ್ದು ಹೋಗಿ, ಹೊಸ್ತಿಲಲ್ಲೇ ನಿಂತು ಎರಡು ಮಾತಾಡಿ ಒಳಗೆ ಬಂದೆವು. ಹಿತ್ತಲ ಬಾಗಿಲಿಗೆ ಚಿಲಕ ಹಾಕಿಯೇ ಇತ್ತು.

ಕುರ್ಚಿಯ ಮುಂದಿನ ಮುದ್ದೆಯನ್ನು ಒಂದು ಬದಿಯಲ್ಲಿ ಯಾರೋ ಕಚ್ಚಿದ್ದರು. ಹಲ್ಲಿನ ಗುರುತು ಸಾಲಾಗಿ ಮೂಡಿತ್ತು, ಮನುಷ್ಯರ ಹಲ್ಲು. ಬೆಕ್ಕು ಎನ್ನಬೇಡಿ, ಬೆಕ್ಕಿಗೆ ಅಷ್ಟಗಲ ಬಾಯಿಲ್ಲ. ನಮ್ಮ ಸೀಮೆಯಲ್ಲಿ ಎಳೆ ಮಕ್ಕಳೂ ಮುದ್ದೆಯನ್ನು ಕಚ್ಚುವುದಿಲ್ಲ, ಮುರಿದು, ಸಾರಿಗೆ ಅದ್ದಿ ನುಂಗುತ್ತಾರೆ. ಕಚ್ಚಿ ಅಗಿಯುವವರು ಮುದ್ದೆಯನ್ನೇ ಕಾಣದ ಪರಸ್ಥಳದವರು.

ನಾನು ಹೋಗಿ ಹಿತ್ತಲ ಚಿಲಕವನ್ನು ಮತ್ತೊಮ್ಮೆ ಎಳೆದು ನೋಡಿ ಬಂದೆ. ಅಕ್ಕ ಬೆಚ್ಚಲಿಲ್ಲ. "ಪಾಪ, ಅಗ್ದವ್ನೆ. ರೂಡಿ ಇಲ್ಲ ಕಣ್ಲಾ," ಎಂದು ಆ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಆಮೇಲೆ ತನ್ನ ಮುದ್ದೆಯನ್ನು ಪೂರ್ತಿ ಉಂಡಳು.

ನಾನು ಪುಸ್ತಕ ತರಲಿಲ್ಲ. ಇದಾಗಿ ಕೆಲವು ವರ್ಷಗಳಾದವು. ಅಕ್ಕ ಮೈಕೈ ತುಂಬಿಕೊಂಡಿದ್ದಾಳೆ. ಆ ಕಾದಂಬರಿ ಕಳಪೆ ಎಂದು ಇವತ್ತಿಗೂ ಹೇಳುತ್ತೇನೆ, ಬರೆದವರು ಎದುರು ಸಿಕ್ಕರೂ ಹೇಳುತ್ತೇನೆ. ಆ ಹಲ್ಲು ಯಾರದೆಂದು ಮಾತ್ರ ಹೇಳಲಾರೆ.

ಮೊನ್ನೆ ಅಕ್ಕ ಫೋನು ಮಾಡಿ, "ಈಗೀಗ ನುಂಗದ್ ಕಲ್ತವ್ನೆ, ಬಂದ್ ನೋಡ್ಲಾ," ಎಂದಳು. ಕಾಲೇಜಿನಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿದೆ.